ರೀಜೆಂಟ್ಸ್ ಕಾಲುವೆ ದಾರಿ: ಸೈಕಲ್‌ಗೆ ಚೆನ್ನಾಗಿದೆ, ತಲೆ ಮಾತ್ರ ಜೋಪಾನ

ಲಂಡನ್ನಿನ ರೀಜೆಂಟ್ಸ್ ಕಾಲುವೆ ಪಕ್ಕದ ದಾರಿಗೆ ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಕಡಿಮೆಯಾದ ಎರಡು ಸ್ಟಾರ್ ದಾರಿಯ ಮೇಲಿನ ಸೇತುವೆಗಳ ಲೆಕ್ಕಕ್ಕೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಅಷ್ಟು ದೊಡ್ಡ ಊರಿನ ನಡುವೆ ಕಾರು, ಬಸ್ಸು, ಸಿಗ್ನಲ್ ಯಾವುದರ ಕಾಟವೂ ಇಲ್ಲದೆ ನೀರಿನ ಪಕ್ಕದಲ್ಲೇ ಸೈಕಲ್ ಹೊಡೆಯಬಹುದು, ದುಡ್ಡೂ ಕೊಡಬೇಕಿಲ್ಲ. ಇಸ್ಲಿಂಗ್ಟನ್ ಹತ್ತಿರ ಕಾಲುವೆ ಸುರಂಗದೊಳಗೆ ಹೋಗುತ್ತದೆ, ಅಲ್ಲಿ ಪಕ್ಕದಲ್ಲಿ ದಾರಿ ಇಲ್ಲ, ಮೇಲೆ ಹತ್ತಿ ರಸ್ತೆಯಲ್ಲಿ ಹೋಗಿ ಆ ಕಡೆ ಮತ್ತೆ ಇಳಿಯಬೇಕು. ಅದೇನೂ ದೊಡ್ಡ ವಿಷಯ ಅಲ್ಲ.

ತಕರಾರು ಇರುವುದು ಸೇತುವೆಗಳ ಬಗ್ಗೆ. 1820ರಲ್ಲಿ ಈ ಕಾಲುವೆ ಪೂರ್ತಿಯಾದಾಗ ದೋಣಿ ಎಳೆಯುತ್ತಿದ್ದದ್ದು ಕುದುರೆಗಳು. ದಾರಿ ಮಾಡಿದ್ದೂ ಅವುಗಳಿಗೇ, ಸೈಕಲ್ ಯಾರ ತಲೆಯಲ್ಲೂ ಇರಲಿಲ್ಲ. ಕಮಾನು ನೀರಿನ ಮೇಲೆ ಎತ್ತರವಾಗಿರುತ್ತದೆ, ದಾರಿಯ ಗೋಡೆ ಬದಿಗೆ ಬರುವಷ್ಟರಲ್ಲಿ ಬಗ್ಗಿಬಿಟ್ಟಿರುತ್ತದೆ. ತಲೆ ಉಳಿಸಿಕೊಳ್ಳಲು ನೀರಿನ ಅಂಚಿಗೆ ಸರಿಯಬೇಕು, ನೀರಿಗೆ ಬೀಳಬಾರದು ಅಂದರೆ ಗೋಡೆಗೆ ಅಂಟಿಕೊಳ್ಳಬೇಕು. ಎದುರಿಗೆ ಯಾರಾದರೂ ಬಂದರೆ ಮುಗೀತು! ಬ್ರಿಟನ್ನಿನ 2020ರ ಸೈಕಲ್ ಮಾರ್ಗಸೂಚಿ ಚಿಕ್ಕ ಸಬ್‌ವೇಗೂ 2.4 ಮೀಟರ್ ಎತ್ತರ ಕೇಳುತ್ತದೆ, ಸರಿ, ಇನ್ನೂರು ವರ್ಷದ ಕಮಾನಿಗೆ ಅದನ್ನು ಹೇಳುವವರು ಯಾರು?

ಕತ್ತಲೆಯದ್ದೂ ಅಷ್ಟೇ ಕಷ್ಟ. ಬಿಸಿಲಿನಿಂದ ಸೀದಾ ನುಗ್ಗಿದರೆ ಕಣ್ಣು ಹೊಂದಿಕೊಳ್ಳುವ ಮೊದಲೇ ಅರ್ಧ ಸೇತುವೆ ದಾಟಿರುತ್ತೀರಿ, ಕೆಲವು ಕಡೆ ತಿರುವು ಬೇರೆ. ಬೆಲ್ ಹೊಡೆಯಿರಿ, ಆದರೆ ಬೆಲ್ ಹೊಡೆದೆ ಅಂತ ನುಗ್ಗಬೇಡಿ, ಇಲ್ಲಿ ಮೊದಲ ಹಕ್ಕು ನಡೆಯುವವರದ್ದು.

ಬಗ್ಗುವುದಕ್ಕೂ ಒಂದು ರೀತಿ ಇದೆ. ಜಾಸ್ತಿ ಜನ ತಲೆ ಮಾತ್ರ ಬಗ್ಗಿಸುತ್ತಾರೆ, ಆಗ ಕಾಣುವುದು ಮುಂದಿನ ಚಕ್ರ ಒಂದೇ. ಸೀಟಿನಿಂದ ಏಳದೆ ಮೊಣಕೈ ಮಡಚಿ ಎದೆ ಇಳಿಸಿ, ಗದ್ದ ಮುಂದಕ್ಕಿರಲಿ. ಹೆಲ್ಮೆಟ್ ಹಾಕಿದಾಗ ನಿಮ್ಮ ಎತ್ತರ ಸ್ವಲ್ಪ ಹೆಚ್ಚಿರುತ್ತದೆ ಅನ್ನುವುದು ನೆನಪಿರಲಿ. ಹಿಂದಿನ ಸೀಟಲ್ಲಿ ಮಗು ಇದ್ದರೆ ಸುಮ್ನೆ ಇಳಿದು ತಳ್ಳಿಕೊಂಡು ಹೋಗಿ. ನೀವು ಬಗ್ಗುತ್ತೀರಿ, ಮಗು ಬಗ್ಗುವುದಿಲ್ಲ ಅಲ್ವಾ?

ಇಳಿದರೆ ನೋಡುವುದಕ್ಕೂ ಏನೋ ಸಿಗುತ್ತದೆ. ರೀಜೆಂಟ್ಸ್ ಪಾರ್ಕ್ ಪಕ್ಕದ ಮ್ಯಾಕಲ್ಸ್‌ಫೀಲ್ಡ್ ಸೇತುವೆಯ ಕಬ್ಬಿಣದ ಕಂಬಗಳಲ್ಲಿ ದೋಣಿಯ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿವೆ, ಬೆರಳು ಇಟ್ಟು ನೋಡಬಹುದು. 1874ರಲ್ಲಿ ಸಿಡಿಮದ್ದಿನ ಪುಡಿ ತುಂಬಿದ ದೋಣಿ ಇಲ್ಲೇ ಸಿಡಿದು ಸೇತುವೆ ಹಾರಿಹೋಯಿತು. ಮತ್ತೆ ಕಟ್ಟುವಾಗ ಅವೇ ಕಂಬಗಳನ್ನು ತಿರುಗಿಸಿ ನಿಲ್ಲಿಸಿದರು, ಆಮೇಲೆ ಹಗ್ಗ ಹೊಸ ಬದಿಯನ್ನೂ ಉಜ್ಜಿತು, ಅದಕ್ಕೇ ಗೀರು ಎರಡೂ ಬದಿಗೆ.

ರಜೆಯ ದಿನ ಬೆಳಿಗ್ಗೆ ಬೇಗ, ನಿಧಾನವಾಗಿ ಹೋಗುವುದಾದರೆ ಖಂಡಿತ ಹೋಗಿ. ಆಫೀಸಿಗೆ ಹೊತ್ತಾಗಿದೆ ಅಂದರೆ ಬೇಡ, ರಸ್ತೆಯೇ ವಾಸಿ.