ಪ್ಯಾರಿಸ್ ಮ್ಯೂಸಿಯಂ ಪಾಸ್: ತಗೊಳ್ಳಿ, ಆದ್ರೆ ಅವತ್ತೇ ಸ್ಲಾಟೂ ಬುಕ್ ಮಾಡಿ

ಪ್ಯಾರಿಸ್ ಮ್ಯೂಸಿಯಂ ಪಾಸ್ ಅಂದ್ರೆ ಒಂದೇ ಟಿಕೆಟಲ್ಲಿ ಅಲ್ಲಿನ ಹಲವು ಮ್ಯೂಸಿಯಂ, ಸ್ಮಾರಕ ನೋಡೋ ಪಾಸ್. ಪ್ಯಾರಿಸ್‌ಗೆ ಹೊರಟೋರೆಲ್ಲ ಕೇಳೋದು ಒಂದೇ, ಈ ಪಾಸ್ ಇದ್ರೆ ಕ್ಯೂ ನಿಲ್ಲೋದು ತಪ್ಪುತ್ತಾ ಅಂತ. ಅಪ್ಪ ಅಮ್ಮ ಮಕ್ಕಳು ಎಲ್ರನ್ನೂ ಕರ್ಕೊಂಡು ನಾಲ್ಕು ದಿನದ ಪಾಸಲ್ಲಿ ಓಡಾಡಿ ಬಂದ್ವಿ, ಅಮ್ಮಂಗೆ ಮಂಡಿ ನೋವು, ಹತ್ತು ನಿಮಿಷಕ್ಕಿಂತ ಜಾಸ್ತಿ ನಿಂತಲ್ಲೇ ನಿಲ್ಲೋಕಾಗಲ್ಲ, ಹಾಗಾಗಿ ನಂಗೆ ಕ್ಯೂ ವಿಷ್ಯವೇ ಎಲ್ಲಕ್ಕಿಂತ ಮುಖ್ಯ ಆಗಿತ್ತು. ಬರೀ ಪಾಸ್ ಕೈಲಿದ್ರೆ ಸಾಲದು. ಲೂವ್ರ್ ಮ್ಯೂಸಿಯಂ, ಸೇಂಟ್ ಶಪೆಲ್ ಚರ್ಚ್, ವರ್ಸಾಯ್ ಅರಮನೆ, ಒರಾಂಜರಿ ಮ್ಯೂಸಿಯಂ ಈ ನಾಲ್ಕು ಕಡೆ ಪಾಸ್ ಇದ್ರೂ ಟೈಂ ಸ್ಲಾಟ್, ಅಂದ್ರೆ ಒಳಗೆ ಹೋಗೋ ಟೈಮನ್ನ, ಪ್ರತ್ಯೇಕವಾಗಿ ಬುಕ್ ಮಾಡ್ಬೇಕು. ತಿರುಪತಿಲಿ ಸ್ಪೆಷಲ್ ದರ್ಶನದ ಟಿಕೆಟಲ್ಲಿ ಹಾಕಿರೋ ಟೈಮಿಗೇ ಹೋಗ್ಬೇಕಲ್ಲ, ಇಲ್ಲೂ ಹಾಗೇ.

ಪಾಸ್ 2, 4, 6 ದಿನಕ್ಕೆ ಸಿಗುತ್ತೆ, ಆದ್ರೆ ಲೆಕ್ಕ ಗಂಟೆಲಿ, ಅಂದ್ರೆ 48, 96, 144 ಗಂಟೆ, ಮೊದಲನೇ ಬಾಗಿಲಲ್ಲಿ ಸ್ಕ್ಯಾನ್ ಆದಾಗಿಂದ ಶುರು. ಇದು ಬಹಳ ಒಳ್ಳೇದು, ಯಾಕಂದ್ರೆ ಸೋಮವಾರ ಮಧ್ಯಾಹ್ನ ಶುರು ಮಾಡಿದ್ರೆ ಶುಕ್ರವಾರ ಮಧ್ಯಾಹ್ನದವರೆಗೂ ನಡೆಯುತ್ತೆ. 18 ವರ್ಷದ ಒಳಗಿನ ಮಕ್ಕಳಿಗೆ ಈ ಜಾಗಗಳಲ್ಲಿ ಹೆಚ್ಚುಕಮ್ಮಿ ಎಲ್ಲಾ ಕಡೆ ಪ್ರವೇಶ ಫ್ರೀ, ಅವರಿಗೆ ಪಾಸ್ ತಗೊಳ್ಳೋದು ದುಡ್ಡು ದಂಡ. ಆದ್ರೆ ಅವರಿಗೂ ಸೊನ್ನೆ ಯುರೋ ಸ್ಲಾಟ್ ಬುಕ್ ಮಾಡಿರ್ಬೇಕು, ಮರೀಬೇಡಿ.

ನಂಗೆ ಇಡೀ ಪಾಸಿನ ಬೆಲೆ ಸಾರ್ಥಕ ಅನ್ಸಿದ್ದು ಸೇಂಟ್ ಶಪೆಲ್‌ನಲ್ಲಿ. ಫ್ರಾನ್ಸಿನ ರಾಜ ಒಂಬತ್ತನೇ ಲೂಯಿ ಕಟ್ಟಿಸಿದ್ದು, 1248ರಲ್ಲಿ ಪ್ರತಿಷ್ಠಾಪನೆ ಆಗಿದ್ದು. ಈ ಚರ್ಚ್ ಇರೋದು ನ್ಯಾಯಾಲಯದ ಕಾಂಪೌಂಡ್ ಒಳಗೆ, ಅದಕ್ಕೇ ಸೆಕ್ಯೂರಿಟಿ ಏರ್‌ಪೋರ್ಟ್ ಥರ, ಜಾಕೆಟ್ ಬೆಲ್ಟು ಫೋನು ಎಲ್ಲ ಟ್ರೇಗೆ. ನಮ್ಮ ಮುಂದಿದ್ದ ಹೆಂಗಸಿನ ಬ್ಯಾಗಿಂದ ಗಾಜಿನ ಬಾಟ್ಲಿ ತೆಗೆಸಿದ್ರು, ಚೂಪಾದ ವಸ್ತು ಗಾಜಿನ ವಸ್ತು ಯಾವ್ದೂ ಒಳಗೆ ಬಿಡಲ್ಲ, ಹಾಗಾಗಿ ಬ್ಯಾಗಲ್ಲಿ ಕತ್ತರಿ ಚಾಕು ಇದ್ರೆ ರೂಮಲ್ಲೇ ಇಟ್ಟು ಬನ್ನಿ. ಈ ಚೆಕಿಂಗ್ ಯಾವ ಪಾಸಿಂದಲೂ ತಪ್ಪಲ್ಲ, ಆದ್ರೆ ಸ್ಲಾಟ್ ಇದ್ದೋರ ಸಾಲು ಬೇರೆ, ಅದು ಸರಸರ ಮುಂದೆ ಹೋಗ್ತಿತ್ತು, ಸ್ಲಾಟ್ ಇಲ್ದೋರ ಸಾಲು ರಸ್ತೆ ಉದ್ದಕ್ಕೂ ಬೆಳೆದಿತ್ತು. ಒಳಗೆ ಮೊದ್ಲು ಸಿಗೋದು ಕೆಳಗಿನ ಹಾಲ್, ತಗ್ಗು ಸೂರು, ನೀಲಿ ಬಣ್ಣದ ಮೇಲೆ ಚಿನ್ನದ ಹೂಗಳು. ಜನ ಅದನ್ನೇ ನೋಡಿ ಇಷ್ಟೇನಾ ಅಂದ್ಕೋತಾರೆ. ಮೂಲೇಲಿರೋ ಕಿರಿದಾದ ಸುರುಳಿ ಮೆಟ್ಟಿಲು ಹತ್ತಿ ಮೇಲೆ ಬಂದ್ರೆ ಗೋಡೆನೇ ಇಲ್ಲ ಅನ್ನೋ ಹಾಗೆ ಸುತ್ತ ಬಣ್ಣದ ಗಾಜು, 15 ಕಿಟಕಿ, ಸಾವಿರಕ್ಕೂ ಹೆಚ್ಚು ಬೈಬಲ್ ದೃಶ್ಯಗಳು. ಬಿಸಿಲಿರೋ ಹೊತ್ತಿಗೆ ಸ್ಲಾಟ್ ಹಿಡೀರಿ, ನೆಲದ ಮೇಲೆಲ್ಲ ಕೆಂಪು ನೀಲಿ ಬೆಳಕು ಬೀಳುತ್ತೆ. ಅಮ್ಮ ಗೋಡೆ ಪಕ್ಕದ ಕಟ್ಟೆ ಮೇಲೆ ಕೂತು ಎದ್ದೇಳೋಕೇ ಒಪ್ಪಲಿಲ್ಲ.

ಅಲ್ಲಿಂದ ಐದು ನಿಮಿಷ ನಡೆದ್ರೆ ನಾಟ್ರಡಾಮ್ ಚರ್ಚ್. 2019ರ ಬೆಂಕಿ ಆದ್ಮೇಲೆ 2024ರ ಡಿಸೆಂಬರಲ್ಲಿ ಮತ್ತೆ ತೆರೆದಿದಾರೆ. ಒಳಗೆ ಹೋಗೋದು ಸಂಪೂರ್ಣ ಫ್ರೀ, ಪಾಸ್ ಬೇಡ, ಯಾರಾದ್ರೂ ಪ್ರವೇಶದ ಟಿಕೆಟ್ ಅಂತ ಮಾರಿದ್ರೆ ಮೋಸ. ಚರ್ಚಿನ ಅಧಿಕೃತ ಸೈಟಲ್ಲಿ ಒಂದೆರಡು ದಿನ ಮುಂಚೆ ಫ್ರೀ ಸ್ಲಾಟ್ ಸಿಗುತ್ತೆ, ಸಿಗದಿದ್ರೂ ಪರವಾಗಿಲ್ಲ, ಕ್ಯೂ ಉದ್ದ ಕಂಡ್ರೂ ಬೇಗ ಸಾಗುತ್ತೆ.

ಲೂವ್ರ್ ಮಂಗಳವಾರ ರಜಾ. ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತೆ, ನಾವು ಹೋಗಿದ್ದು ಅಂಥ ಒಂದು ಸಂಜೆ, ನಂಗೆ ಕೇಳಿದ್ರೆ ಅದೇ ಸರಿಯಾದ ಟೈಂ. ಗಾಜಿನ ಪಿರಮಿಡ್ ಹತ್ರ ಸ್ಲಾಟ್ ಟೈಮಿನ ಪ್ರಕಾರ ಸಾಲು ಮಾಡಿರ್ತಾರೆ. ಹೊರಗಿನ ಕ್ಯೂ ತಪ್ಪಿಸ್ಕೊಂಡ್ರೂ ಮೋನಾಲಿಸಾ ಮುಂದಿನ ನೂಕುನುಗ್ಗಲು ತಪ್ಪಿಸೋಕೆ ಯಾವ ಪಾಸೂ ಇಲ್ಲ, 77 ಸೆಂಟಿಮೀಟರ್ ಎತ್ತರದ ಚಿತ್ರ, ಮುಂದೆ ಬರೀ ಫೋನ್‌ಗಳು. ಅದೇ ರೂಮಲ್ಲಿ ಎದುರು ಗೋಡೆ ತುಂಬ ವೆರೊನೇಸೆ ಬರೆದಿರೋ, ಬೈಬಲ್ ಕಥೇಲಿ ಬರೋ ಕಾನಾ ಊರಿನ ಮದುವೆ ಊಟದ ಚಿತ್ರ ಇದೆ, ಹತ್ತಿರ ಹತ್ತಿರ 10 ಮೀಟರ್ ಅಗಲ, ಲೂವ್ರ್‌ನ ಅತಿ ದೊಡ್ಡ ಚಿತ್ರ, ಅದಕ್ಕೆ ಎಲ್ರೂ ಬೆನ್ನು ಹಾಕಿ ನಿಂತಿರ್ತಾರೆ. ಮಕ್ಕಳಿಗೆ ಅದರಲ್ಲಿರೋ ನಾಯಿ ಬೆಕ್ಕು ಹುಡುಕೋಕೆ ಹೇಳಿ, ಅಷ್ಟು ಹೊತ್ತು ನೀವೂ ಆರಾಮಾಗಿ ನೋಡ್ಬಹುದು.

ಓರ್ಸೆ ಮ್ಯೂಸಿಯಂ ಸೋಮವಾರ ರಜಾ, ಗುರುವಾರ ರಾತ್ರಿ 9:45ರವರೆಗೆ ಇರುತ್ತೆ, ಹಳೇ ರೈಲ್ವೇ ಸ್ಟೇಷನ್ ಅದು, ಸೀದಾ ಐದನೇ ಮಹಡಿಗೆ ಹೋಗಿ ಅಲ್ಲಿಂದ ಇಳೀತಾ ಬನ್ನಿ. ವರ್ಸಾಯ್‌ಗೂ ಸೋಮವಾರ ರಜಾ, ಮಂಗಳವಾರ ಲೂವ್ರ್ ಮುಚ್ಚಿರೋದ್ರಿಂದ ಜನ ಎಲ್ಲ ಅಲ್ಲಿಗೇ ನುಗ್ತಾರೆ, ಅವತ್ತು ಬೇಡ. ಕಾರಂಜಿ ಶೋ ಇರೋ ದಿನ ತೋಟಕ್ಕೆ ಬೇರೆ ಟಿಕೆಟ್, ಅದು ಪಾಸಲ್ಲಿ ಬರಲ್ಲ. ಆರ್ಕ್ ದ ತ್ರಿಯೋಂಫ್ ಅನ್ನೋ ದೊಡ್ಡ ವಿಜಯ ಕಮಾನಿಗೂ ಪಾಸ್ ನಡೆಯುತ್ತೆ, 284 ಮೆಟ್ಟಿಲು, ಸಂಜೆ ಹತ್ತಿದ್ರೆ ಸುತ್ತ ಹನ್ನೆರಡು ರಸ್ತೆಲೂ ದೀಪ ಹತ್ತೋದು ಕಾಣುತ್ತೆ. ಹೋಗೋಕೆ ರಸ್ತೆ ಅಡಿಯ ಸುರಂಗ ಇದೆ, ಆ ಟ್ರಾಫಿಕ್ ಮಧ್ಯೆ ದಾಟೋಕೆ ಹೋಗ್ಬೇಡಿ.

ಐಫೆಲ್ ಟವರ್ ಈ ಪಾಸಲ್ಲಿ ಇಲ್ಲ, ಲಿಫ್ಟ್ ಟಿಕೆಟ್ 60 ದಿನ ಮುಂಚೆ ಅಧಿಕೃತ ಸೈಟಲ್ಲಿ ಬಿಡ್ತಾರೆ, ಬೇಗ ಖಾಲಿ ಆಗುತ್ತೆ. 'ಸ್ಕಿಪ್ ದ ಲೈನ್' ಅಂತ ದುಪ್ಪಟ್ಟು ರೇಟಿಗೆ ಮಾರೋ ಸೈಟ್‌ಗಳಿವೆ, ಅವರ ಹತ್ರ ತಗೊಂಡ್ರೂ ಸೆಕ್ಯೂರಿಟಿ ಸಾಲಲ್ಲಿ ನೀವೇ ನಿಲ್ಬೇಕು.

ಪಾಸಿನ ರೇಟು ಏರ್ತಾನೇ ಇದೆ, ಜೊತೆಗೆ 2026ರ ಜನವರಿಯಿಂದ ಲೂವ್ರ್‌ನಲ್ಲಿ ನಮ್ಮಂಥ ಯುರೋಪಿನ ಹೊರಗಿನವರಿಗೆ 32 ಯುರೋ ಆಗಿದೆ, ಹಾಗಾಗಿ ಬಿಡಿ ಟಿಕೆಟ್ ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡು ಜಾಗ ನೋಡೋ ಉತ್ಸಾಹ ಇರೋರಿಗೆ ನಾಲ್ಕು ದಿನದ್ದು ಸರಿ. ಎರಡೇ ದಿನ ಇದ್ದು ಐಫೆಲ್, ಲೂವ್ರ್, ನಾಟ್ರಡಾಮ್ ಅಷ್ಟೇ ನೋಡ್ತೀವಿ ಅನ್ನೋರು ಪಾಸ್ ತಗೋಬೇಡಿ, ಲೂವ್ರ್ ಟಿಕೆಟ್ ಒಂದು ನೇರವಾಗಿ ಬುಕ್ ಮಾಡಿದ್ರೆ ಸಾಕು.