ಹೊಸ ಕಾರ್ಮಿಕ ಸಂಹಿತೆ: ನಮಗೆ ಸಿಕ್ಕ ಸಲಹೆಗಾರರ ಬಗ್ಗೆ

ನನ್ನ ಹೊಲಿಗೆ ಘಟಕದಲ್ಲಿ 14 ಜನ ಇದ್ದಾರೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು (ಕೇಂದ್ರದ ಹೊಸ ಕಾರ್ಮಿಕ ಕಾನೂನುಗಳು) ಜಾರಿಗೆ ಬಂದ ಮೇಲೆ ಸಂಬಳದ ಲೆಕ್ಕಕ್ಕೆ ಈ ಸಲಹೆಗಾರರನ್ನು ಗೊತ್ತು ಮಾಡಿಕೊಂಡೆ. ತುಂಬಾ ಒಳ್ಳೆ ಕೆಲಸ. ಮೊದಲ ದಿನವೇ ಸಂಬಳ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲ್‌ನಲ್ಲಿ ಭತ್ಯೆಗಳಿಗೆ ಸುತ್ತು ಹಾಕಿದರು. ಭತ್ಯೆ ಒಟ್ಟು ಸಂಬಳದ ಶೇ. 50 ದಾಟಿದರೆ ದಾಟಿದ ಭಾಗವೂ ವೇತನಕ್ಕೇ ಸೇರುತ್ತದೆ. ನಮ್ಮದು 60 ಇತ್ತು! ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಲೆಕ್ಕ ಈ ವೇತನದ ಮೇಲೇ ಆಗುವುದರಿಂದ ನಮಗೆ ಹೊರೆ ಜಾಸ್ತಿಯಾಯಿತು, ಆದರೆ ಅದು ಕೆಲಸದವರ ಹಕ್ಕು ಅಲ್ವಾ. ಕೆಲಸ ಬಿಟ್ಟವರಿಗೆ ಎರಡೇ ಕೆಲಸದ ದಿನದೊಳಗೆ ಬಾಕಿ ವೇತನ ಕೊಡಬೇಕು. ನಾವು ತಿಂಗಳ ಕೊನೆವರೆಗೆ ಸುಮ್ನೆ ಕಾಯಿಸುತ್ತಿದ್ದೆವು, ತಪ್ಪು. ಸಂಜೆ ಆರರ ಮೇಲೆ ಇವರು ಫೋನಿಗೆ ಸಿಗುವುದಿಲ್ಲ, ಅದೊಂದೇ ಕೊರತೆ. ನೇಮಕಾತಿ ಪತ್ರ ಎಲ್ಲರಿಗೂ ಕೊಟ್ಟಾಯಿತು. ನಮ್ಮ ಹಳೇ ಕಟಿಂಗ್ ಮಾಸ್ತರು ಅದನ್ನು ಎರಡು ಸಲ ಓದಿ, ಮಡಿಚಿ ಜೇಬಿಗಿಟ್ಟುಕೊಂಡರು.