‘ಗ್ಲುಟೆನ್ ಫ್ರೀ’ ಚೀಟಿಯ ಅಕ್ಕಿಹಿಟ್ಟು: ಸೀಲಿಯಾಕ್ ಇರುವವರ ಮನೆಯವರಿಗೆ ಎಚ್ಚರಿಕೆ

ಮನೆಯಲ್ಲಿ ಸೀಲಿಯಾಕ್ ಕಾಯಿಲೆಯವರು ಇದ್ದರೆ, ಊರಿನ ಗಿರಣಿಯಲ್ಲೇ ಬೀಸಿ, ಪ್ಲಾಸ್ಟಿಕ್ ಪೊಟ್ಟಣದಲ್ಲಿ ತುಂಬಿ, ಮೇಲೆ ‘ಗ್ಲುಟೆನ್ ಫ್ರೀ’ ಎಂದು ಚೀಟಿ ಅಂಟಿಸಿ ಮಾರುವ ಅಕ್ಕಿಹಿಟ್ಟನ್ನಾಗಲಿ ಸಿರಿಧಾನ್ಯದ ಹಿಟ್ಟನ್ನಾಗಲಿ ದಯವಿಟ್ಟು ಕೊಳ್ಳಬೇಡಿ. ಚೇತರಿಸಿಕೊಂಡಿದ್ದ ನನ್ನ ಮಗಳು ಅಂಥ ಹಿಟ್ಟಿನಿಂದ ಮತ್ತೆ ಹಾಸಿಗೆ ಹಿಡಿದಳು. ಅಂಗಡಿಯ ಹೆಸರನ್ನು ನಾನು ಹೇಳುತ್ತಿಲ್ಲ; ಒಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ ಹೋದರೆ ತೀರುವ ತೊಂದರೆ ಇದಲ್ಲ.

ಈ ಕಾಯಿಲೆಯಲ್ಲಿ ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರೋಗನಿರೋಧಕ ಶಕ್ತಿಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಆಗ ಕಬ್ಬಿಣದ ಅಂಶವೂ ಇತರ ಪೋಷಕಾಂಶಗಳೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಜೀವನಪೂರ್ತಿ ಪಥ್ಯ ಮಾಡುವುದೊಂದೇ ಇದಕ್ಕಿರುವ ಚಿಕಿತ್ಸೆ. ಉತ್ತರ ಭಾರತದಲ್ಲಿ ಕಾಣಿಸುವಷ್ಟು ಇದು ನಮ್ಮ ಕಡೆ ಕಾಣಿಸುವುದಿಲ್ಲವಾದ್ದರಿಂದ ಕೇಳಿದವರೇ ಕಡಿಮೆ. ಕೇಳಿದವರೂ ‘ಕೊಡಗಿನಲ್ಲಿ ಇದ್ದೀರಲ್ಲ, ನಿಮಗೇನು ಕಷ್ಟ?’ ಎನ್ನುತ್ತಾರೆ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿರೊಟ್ಟಿ ಎಲ್ಲವೂ ಅಕ್ಕಿಯವೇ ಆದ್ದರಿಂದ ಆ ಮಾತು ಸರಿಯೆಂದೇ ಯಾರಿಗಾದರೂ ತೋರುತ್ತದೆ. ಆದರೆ ಅಕ್ಕಿ ಅಕ್ಕಿಯಾಗಿರುವವರೆಗೆ ಮಾತ್ರ ಆ ಧೈರ್ಯಕ್ಕೆ ಆಧಾರವಿದೆ. ಹಿಟ್ಟಾದ ಮೇಲೆ ಅದು ಯಾವ ಗಿರಣಿಯಲ್ಲಿ, ಯಾವುದರ ಹಿಂದೆ ಹಿಟ್ಟಾಯಿತು ಎಂಬುದೇ ಮುಖ್ಯವಾಗುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಅಕ್ಕಿ ತೊಳೆದು ಒಣಗಿಸಿ ಹಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟವೆಂದು ಇಲ್ಲಿ ಬಾಳಿದವರಿಗೆ ಗೊತ್ತು. ಮೈಸೂರಿನಿಂದ ತರಿಸುತ್ತಿದ್ದ ಪರೀಕ್ಷಿತ ಹಿಟ್ಟು ಮುಗಿದಿದ್ದಾಗ, ಪಟ್ಟಣದ ಅಂಗಡಿಯೊಂದರಲ್ಲಿ ಈ ಚೀಟಿಯ ಪೊಟ್ಟಣ ಸಿಕ್ಕಿತು. ಮಗಳ ಕಾಯಿಲೆಯನ್ನು ವಿವರಿಸಿಯೇ ವಿಚಾರಿಸಿದೆ. ‘ಪೂರಾ ಅಕ್ಕಿ ಅಕ್ಕಾ, ಗೋಧಿ ಸೇರಿಸೋದೇ ಇಲ್ಲ, ಧೈರ್ಯವಾಗಿ ತಗೊಂಡು ಹೋಗಿ’ ಎಂದರು. ಕೆಲವೇ ವಾರಗಳಲ್ಲಿ ಅವಳಿಗೆ ಹೊಟ್ಟೆಯುಬ್ಬರ, ಭೇದಿ, ಬಾಯಿಹುಣ್ಣು ಮರುಕಳಿಸಿದವು. ಶಾಲೆಯ ಮೆಟ್ಟಿಲು ಹತ್ತುವುದಕ್ಕೂ ಸುಸ್ತು ಎನ್ನತೊಡಗಿದಳು. ರಕ್ತಪರೀಕ್ಷೆ ಮಾಡಿಸಿದಾಗ ಈ ಕಾಯಿಲೆಯ ಸುಳಿವು ಕೊಡುವ ಟಿಟಿಜಿ ಪ್ರತಿಕಾಯದ ಪ್ರಮಾಣ, ಇಳಿದಿದ್ದದ್ದು, ಮತ್ತೆ ಏರಿತ್ತು, ಹಿಮೋಗ್ಲೋಬಿನ್ ಕುಸಿದಿತ್ತು. ಅವಳ ಊಟದಲ್ಲಿ ಹೊಸದಾಗಿ ಸೇರಿದ್ದು ಆ ಹಿಟ್ಟು ಒಂದೇ.

ಹಿಟ್ಟು ಎಲ್ಲಿ ಬೀಸಿದ್ದೆಂದು ಕೇಳಿಕೊಂಡು ಗಿರಣಿಗೇ ಹೋದೆ. ಅಲ್ಲಿ ಹಿಟ್ಟಿಗೆ ಇದ್ದದ್ದು ಒಂದೇ ಯಂತ್ರ. ಯಾರದೋ ಗೋಧಿ ಬೀಸಿ ಮುಗಿಯುತ್ತಿದ್ದಂತೆ ಅದೇ ಕೊಪ್ಪರಿಗೆಗೆ ಅಕ್ಕಿ ಸುರಿದರು. ಹಿಟ್ಟು ಇಳಿಯುವ ಬಾಯಿಗೆ ಕಟ್ಟಿದ್ದ ಬಟ್ಟೆಯ ಕೊಳವೆಯ ಮಡಿಕೆಗಳಲ್ಲಿ ಗೋಧಿಹಿಟ್ಟು ಮೆತ್ತಿಕೊಂಡೇ ಇತ್ತು. ಯಂತ್ರ ಅದುರಿದಾಗಲೆಲ್ಲ ಉದುರಿ ಕೆಳಗಿನ ಡಬ್ಬಕ್ಕೆ ಬೀಳುತ್ತಿತ್ತು. ಮೊದಲು ಒಂದು ಹಿಡಿ ಅಕ್ಕಿ ಓಡಿಸಿ ತೆಗೆದುಬಿಡುತ್ತೇವೆ, ಆಗ ಶುದ್ಧವಾಗುತ್ತದೆ ಎಂದು ಗಿರಣಿಯವರು ಹೇಳಿದರು. ಅವರು ನಂಬಿಯೇ ಹೇಳಿದ್ದು. ಆದರೆ ಬೀಸುಕಲ್ಲಿನ ಗೀರುಗಳಲ್ಲಿ ಕುಳಿತ ಹಿಟ್ಟು ಅಷ್ಟಕ್ಕೆ ಹೋಗುವುದಿಲ್ಲ. ಅದೇ ಗಿರಣಿಯಲ್ಲಿ ಖಾರದ ಪುಡಿಗೆ ಪ್ರತ್ಯೇಕ ಯಂತ್ರವಿದೆ. ಖಾರ ಸೇರಿದರೆ ನಾಲಿಗೆಗೆ ತಕ್ಷಣ ತಿಳಿಯುತ್ತದೆ, ಗಿರಾಕಿ ಜಗಳಕ್ಕೆ ಬರುತ್ತಾನೆ. ಗೋಧಿ ಸೇರಿದ್ದು ಯಾರ ನಾಲಿಗೆಗೂ ತಿಳಿಯುವುದಿಲ್ಲ, ನಮ್ಮ ಮಕ್ಕಳ ಕರುಳಿಗೆ ಮಾತ್ರ ತಿಳಿಯುತ್ತದೆ.

‘ಅಷ್ಟು ಸ್ವಲ್ಪಕ್ಕೆ ಏನಾಗುತ್ತದೆ’ ಎನ್ನುವವರಿಗಾಗಿ ಲೆಕ್ಕ ಹೇಳುತ್ತೇನೆ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದಂತೆ, ಗ್ಲುಟೆನ್ ಫ್ರೀ ಎಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದು. ಒಂದು ಗ್ರಾಂ ಗೋಧಿಹಿಟ್ಟಿನಲ್ಲಿಯೇ ಸುಮಾರು 80 ಮಿಲಿಗ್ರಾಂ ಇರುತ್ತದೆ. ಅಂದರೆ ಒಂದು ಕಿಲೋ ಅಕ್ಕಿಹಿಟ್ಟಿಗೆ ಒಂದು ಚಿಟಿಕೆ ಗೋಧಿಹಿಟ್ಟು ಸೇರಿದರೂ ಮಿತಿ ದಾಟಿದಂತೆ. ಬಟ್ಟೆಯ ಕೊಳವೆಯಿಂದ ಉದುರುತ್ತಿದ್ದುದು ಚಿಟಿಕೆಯಲ್ಲ. ಬೇಯಿಸಿದರೆ, ಸುಟ್ಟರೆ ಗ್ಲುಟೆನ್ ನಾಶವಾಗುವುದೂ ಇಲ್ಲ.

ನಾನು ಕೊಂಡ ಪೊಟ್ಟಣದ ಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ ಇರಲಿಲ್ಲ, ತಯಾರಕರ ವಿಳಾಸ ಇರಲಿಲ್ಲ. ಇದ್ದದ್ದು ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿದ ಹಸಿರು ಚೀಟಿ. ಸಂಖ್ಯೆ ಇದ್ದರೂ ಹಿಟ್ಟನ್ನು ಪರೀಕ್ಷಿಸಲಾಗಿದೆ ಎಂದರ್ಥವಲ್ಲ. ಅಂಗಡಿಯವರನ್ನು ಮತ್ತೆ ಕೇಳಿದಾಗ ‘ಗ್ಯಾಸ್ ಇರೋರು, ತೂಕ ಇಳಿಸೋರು ಎಲ್ಲ ಇದನ್ನೇ ಒಯ್ತಾರೆ ಅಕ್ಕಾ, ಯಾರೂ ಏನೂ ಹೇಳಿಲ್ಲ’ ಎಂದರು. ಆ ಗಿರಾಕಿಗಳು ಹೇಳದಿರುವುದು ಸಹಜ, ಅವರಿಗೆ ಕಾಯಿಲೆಯಿಲ್ಲ. (ಕಾಯಿಲೆ ಇರಬಹುದೆಂಬ ಅನುಮಾನವಿರುವವರು ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ, ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು.)

ಈಗ ನಾವು ಹಿಟ್ಟು ಕೊಳ್ಳುವುದೇ ಇಲ್ಲ. ಇಡೀ ಅಕ್ಕಿಯನ್ನೂ ರಾಗಿಯನ್ನೂ ತಂದು, ಗೋಧಿಕಾಳು ಬೆರೆತಿದ್ದರೆ ಆರಿಸಿ ತೆಗೆದು, ತೊಳೆದು, ಬಿಸಿಲಿಲ್ಲದ ದಿನಗಳಲ್ಲಿ ಫ್ಯಾನಿನ ಕೆಳಗೆ ಹರಡಿ ಒಣಗಿಸಿ, ಗೋಧಿ ಸೋಕದ ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳುತ್ತೇವೆ. ಕಡಂಬುಟ್ಟಿಗೆ ತರಿಯನ್ನೂ ಹಾಗೆಯೇ ಮನೆಯಲ್ಲಿ ಒಡೆಯುತ್ತೇವೆ. ಹೋಟೆಲಿನ ಅಕ್ಕಿರೊಟ್ಟಿಯನ್ನು ಪೂರ್ತಿ ಬಿಟ್ಟಿದ್ದೇವೆ, ಏಕೆಂದರೆ ಚಪಾತಿ, ಪರೋಟ ಬೇಯುವ ಕಾವಲಿಯ ಮೇಲೆಯೇ ಅದೂ ಬೇಯುತ್ತದೆ. ಸಾಂಬಾರಿಗೆ ಹಾಕುವ ಇಂಗಿನ ಪುಡಿಯಲ್ಲಿ ಮೈದಾ ಅಥವಾ ಗೋಧಿಹಿಟ್ಟು ಬೆರೆತಿರುವುದು ಸಾಮಾನ್ಯ, ಡಬ್ಬಿಯ ಮೇಲೆ ಓದಿ ನೋಡಿ. ಕಾಚಂಪುಳಿ ಎಂಬ ಕೊಡಗಿನ ಹುಳಿ ಹಾಕಿ ಮಾಡಿದ ಪಂದಿಕರಿಯಿಂದ (ಹಂದಿಮಾಂಸದ ಪದಾರ್ಥ) ಭಯವಿಲ್ಲ. ಆದರೆ ಬಣ್ಣಕ್ಕೆಂದು ಸೋಯಾ ಸಾಸ್ ಸುರಿದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಮದುವೆಮನೆಗಳಲ್ಲಿ ಬಡಿಸುವವರನ್ನು ಕೇಳಿ ಪ್ರಯೋಜನವಿಲ್ಲ, ಅಡುಗೆಯ ಹಿರಿಯರನ್ನೇ ಕೇಳಬೇಕು. ನಮ್ಮ ನೆಂಟರಲ್ಲಿ ಕೆಲವರು ಮಗಳಿಗೆಂದೇ ಬೇರೆ ಪಾತ್ರೆಯಲ್ಲಿ ಅನ್ನ ತೆಗೆದಿಡುತ್ತಾರೆ. ಆ ಋಣವನ್ನು ಎಂದೂ ಮರೆಯಲಾರೆ.

ಚೀಟಿಯನ್ನು ತೆಗೆಯಿರಿ, ಇಲ್ಲವೇ ಗೋಧಿ ಬೀಸುವ ಯಂತ್ರದಲ್ಲಿ ಮಾಡಿದ್ದೆಂದು ಬರೆಯಿರಿ ಎಂದು ಅಂಗಡಿಯವರನ್ನು ಕೇಳಿಕೊಂಡೆ. ಪೊಟ್ಟಣಗಳು ಈಗಲೂ ಅದೇ ಚೀಟಿಯೊಂದಿಗೆ ಮಾರಾಟವಾಗುತ್ತಿವೆ, ಆದ್ದರಿಂದ ಎಫ್‌ಎಸ್‌ಎಸ್‌ಎಐನ ದೂರು ವ್ಯವಸ್ಥೆಯಾದ ಫುಡ್ ಸೇಫ್ಟಿ ಕನೆಕ್ಟ್ ಮೂಲಕ ದೂರು ಕೊಟ್ಟಿದ್ದೇನೆ. ಅಂಥ ಹಿಟ್ಟು ನಿಮ್ಮ ಮನೆಯಲ್ಲಿದ್ದರೆ ರೋಗಿಗೆ ಕೊಡುವುದನ್ನು ಇಂದೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ ಟಿಟಿಜಿ ಪರೀಕ್ಷೆ ಮಾಡಿಸಿ. ಪೊಟ್ಟಣವನ್ನೂ ಕೊಂಡ ರಸೀದಿಯನ್ನೂ ಎಸೆಯಬೇಡಿ. ದೂರು ಕೊಡುವಾಗ ಆಹಾರ ಸುರಕ್ಷತಾಧಿಕಾರಿಗೆ ತೋರಿಸಲು ಅವು ಬೇಕಾಗುತ್ತವೆ.